ಒಂದು ನಕ್ಷೆಯ ಸ್ಪರ್ಧೆ, ಐದು ದಾರಿ



ಯುಗಾದಿಯ ಮರುದಿನ ನಮ್ಮ ತಾಳವಾಡಿ ಸೀಮೆಯ ನಾಲ್ಕು ಜನ ಹುಡುಗರು ನನ್ನ ಮನೆಯ ಜಗಲಿಗೆ ಬಂದು ಕುಳಿತರು. ಊರಾಚೆ ಆಟಕ್ಕೆಂದು ಬಿಟ್ಟ ಜಾಗ ಒಂದಿದೆ. ಈಗ ಅಲ್ಲಿ ಮುಳ್ಳುಗಿಡ ಬೆಳೆದಿದೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಅದನ್ನು ಹಸನು ಮಾಡಬೇಕು, ಆದರೆ ಹೇಗೆ ಮಾಡಬೇಕೆಂಬುದನ್ನು ಹೊರಗಿನ ಎಂಜಿನಿಯರ್ ಹೇಳುವುದಕ್ಕಿಂತ ಊರಿನವರೇ ಹೇಳಲಿ, ಅದಕ್ಕೊಂದು ನಕ್ಷೆ ಬರೆಯುವ ಸ್ಪರ್ಧೆ ಇಡೋಣ ಎಂಬುದು ಅವರ ಯೋಚನೆ. "ನೀವು ಬ್ಯಾಂಕಿನಲ್ಲಿ ಇದ್ದವರು, ರೂಲು ರೆಗ್ಯುಲೇಶನ್ ಗೊತ್ತಿರುವವರು. ಸ್ಪರ್ಧೆಯ ನಿಯಮ ಬರೆದುಕೊಡಿ ಸಾರ್" ಎಂದರು.

ನಾನು ಓದಿದ್ದು ಮೆಟ್ರಿಕ್ ತನಕ. ಕೆಲಸ ಮಾಡಿದ್ದು ಗುಮಾಸ್ತನಾಗಿ. ಆದರೂ ಈ ವಿಷಯದಲ್ಲಿ ನನಗೊಂದು ಹಳೆಯ ಗಾಯವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಸುಮಾರು ಮೂವತ್ತು ವರ್ಷದ ಕೆಳಗೆ ನಾನು ಬೇರೊಂದು ಊರಿನ ಶಾಖೆಯಲ್ಲಿದ್ದಾಗ ಅಲ್ಲಿನ ಒಂದು ಸಂಘದವರು ತಮ್ಮ ಸಭಾಭವನಕ್ಕೆ ಹವ್ಯಾಸಿಗಳಿಂದ ನಕ್ಷೆ ಆಹ್ವಾನಿಸಿದರು. ಮೂರು ರಾತ್ರಿ ಕೂತು ಗ್ರಾಫ್ ಕಾಗದದ ಮೇಲೆ ನಾನೂ ಒಂದು ನಕ್ಷೆ ಬರೆದೆ. ಅವರ ಪ್ರಕಟಣೆಯಲ್ಲಿ ಜಾಗದ ಅಳತೆಯೇ ಇರಲಿಲ್ಲ. ತೀರ್ಪುಗಾರರು ಯಾರೆಂದು ತಿಳಿಸಿರಲಿಲ್ಲ. ಬಹುಮಾನವನ್ನೇನೋ ಕೊಟ್ಟರು, ಹಾರ ಹಾಕಿ ಫೋಟೋ ತೆಗೆಸಿದರು. ಆದರೆ ಕಟ್ಟಿದ ಭವನಕ್ಕೂ ಬಹುಮಾನದ ನಕ್ಷೆಗೂ ಏನೇನೂ ಸಂಬಂಧವಿರಲಿಲ್ಲ. ಉಳಿದವರ ನಕ್ಷೆಗಳು ಹಿಂದಕ್ಕೆ ಬರಲಿಲ್ಲ. ಮರುವರ್ಷ ಅದೇ ಸಂಘದವರು ಇನ್ನೊಂದು ಸ್ಪರ್ಧೆ ಇಟ್ಟಾಗ ಒಂದು ಲಕೋಟೆಯೂ ಬರಲಿಲ್ಲ. ಜನರ ನಂಬಿಕೆ ಎಂಬ ಠೇವಣಿಯನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ಖಾತೆ ತೆರೆಯುವುದು ಕಷ್ಟ.

ಹಾಗಾದರೆ ಸರಿಯಾಗಿ ನಡೆದ ಸ್ಪರ್ಧೆ ಎಂಬುದು ಇದೆಯೇ? ಇದೆ. ಅದರ ಕಥೆಯನ್ನು ನಾನು ಓದಿದ್ದು ಊಟಿಯ ಶಾಖೆಯಲ್ಲಿದ್ದಾಗ. ಟೀ ತೋಟದಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ನಮ್ಮ ಗ್ರಾಹಕರೊಬ್ಬರು ತಮ್ಮ ಹಳೆಯ ಪುಸ್ತಕಗಳಲ್ಲಿ ಒಂದನ್ನು ಓದಲು ಕೊಟ್ಟಿದ್ದರು. ಅದು ಗಾಲ್ಫ್ ಆಟದ ಚರಿತ್ರೆ. ಗಾಲ್ಫ್ ಎಂದರೆ ಸಾಹೇಬರ ಆಟ, ನಮಗೇನು ಎಂದು ತಾವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥನೆ.

ಮೊದಲು ಆಟವನ್ನು ಅರ್ಥ ಮಾಡಿಕೊಳ್ಳೋಣ. ನಮ್ಮ ಚಿನ್ನಿದಾಂಡಿನ ಹಾಗೆ ಇದರಲ್ಲೂ ಕೋಲಿನಿಂದ ಹೊಡೆಯುತ್ತಾರೆ, ಆದರೆ ಹೊಡೆಯುವುದು ಸಣ್ಣ ಚೆಂಡನ್ನು. ನೂರಾರು ಗಜ ದೂರದಲ್ಲಿ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಒಂದು ಅಂಗಳವಿರುತ್ತದೆ. ಅದರಲ್ಲಿ 4.25 ಇಂಚು ಅಗಲದ ಒಂದು ಕುಳಿ. ಎಷ್ಟು ಕಡಿಮೆ ಹೊಡೆತದಲ್ಲಿ ಚೆಂಡನ್ನು ಆ ಕುಳಿಗೆ ಬೀಳಿಸುತ್ತೀರಿ ಎಂಬುದೇ ಲೆಕ್ಕ. ಹೊಡೆಯುವ ಕಟ್ಟೆಯಿಂದ ಕುಳಿಯವರೆಗಿನ ಇಡೀ ನೆಲಕ್ಕೆ 'ಹೋಲ್' ಎಂದು ಹೆಸರು. ಇಂಥ 18 ಹೋಲ್ ಸೇರಿದರೆ ಒಂದು ಪೂರ್ಣ ಮೈದಾನ. ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಊರಿನ ಮೈದಾನ 1764ರಲ್ಲಿ 18 ಹೋಲ್ ಆಯಿತು, ಮುಂದೆ ಉಳಿದವರೂ ಅದನ್ನೇ ಅನುಸರಿಸಿದರು. ನಮ್ಮ ದೇಶಕ್ಕೂ ಈ ಆಟ ಬಹಳ ಹಿಂದೆಯೇ ಬಂದಿದೆ. ಕಲ್ಕತ್ತೆಯ ಕ್ಲಬ್ಬು 1829ರದು, ಬೆಂಗಳೂರಿನದು 1876ರದು. ಊಟಿಯ ವೆನ್‌ಲಾಕ್ ಡೌನ್ಸ್ ಹುಲ್ಲುಗಾವಲಿನ ಮೈದಾನವನ್ನು ನಮ್ಮಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದ ನೋಡಿರುತ್ತಾರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಬಡ್ಡಿ ಅಂಕಣಕ್ಕೆ ಅಳತೆ ಇದೆ. ಕ್ರಿಕೆಟ್ ಪಿಚ್ಚು ಎಲ್ಲಿ ಹೋದರೂ 22 ಗಜ. ಗಾಲ್ಫ್ ಮೈದಾನಕ್ಕೆ ಮಾತ್ರ ಇಂಥದೇ ಆಕಾರ ಎಂಬುದಿಲ್ಲ. ಮರಳ ದಿಬ್ಬ, ಹಳ್ಳ, ಕೊಳ, ಪೊದೆ ಇವೆಲ್ಲ ಆಟದ ಭಾಗವೇ. ಆದ್ದರಿಂದ ಮೈದಾನ ರೂಪಿಸುವುದೇ ಒಂದು ಕಲೆಯಾಯಿತು. ಆಡುವವನಷ್ಟೇ ಆ ನೆಲವನ್ನು ಕಲ್ಪಿಸಿದವನೂ ಆಟದಲ್ಲಿ ಇರುತ್ತಾನೆ. ಹೀಗಿರುವಾಗ, ಸಾಮಾನ್ಯ ಜನರಲ್ಲೂ ಇಂಥ ಕಲ್ಪನೆ ಇರಬಹುದಲ್ಲ, ಅದನ್ನು ಹೊರಗೆ ತರುವುದು ಹೇಗೆ ಎಂಬ ಪ್ರಶ್ನೆ ಬಂತು.

ಇದಕ್ಕೆ ಪೀಠಿಕೆಯಂತೆ 1901ರಲ್ಲಿ ಲಂಡನ್ನಿನ 'ಗಾಲ್ಫ್ ಇಲಸ್ಟ್ರೇಟೆಡ್' ಪತ್ರಿಕೆ ಹೆಸರಾಂತ ಆಟಗಾರರಿಗೆ ಒಂದು ಪ್ರಶ್ನೆ ಹಾಕಿತು. ಒಂದು ಹೊಡೆತದ, ಎರಡು ಹೊಡೆತದ, ಮೂರು ಹೊಡೆತದ ಹೋಲ್‌ಗಳಲ್ಲಿ ಅತ್ಯುತ್ತಮ ಯಾವುದು ಎಂಬುದೇ ಆ ಪ್ರಶ್ನೆ. ಎರಡು ಹೊಡೆತದ ಹೋಲ್ ಎಂದರೆ ಒಳ್ಳೆಯ ಆಟಗಾರನ ಚೆಂಡು ಎರಡೇ ಏಟಿಗೆ ಕುಳಿಯ ಅಂಗಳ ಮುಟ್ಟುವಷ್ಟು ದೂರದ್ದು. ಬಂದ ಉತ್ತರಗಳನ್ನು ಅಮೆರಿಕದಲ್ಲಿ ಕೂತು ಆಸಕ್ತಿಯಿಂದ ಓದಿದವರು ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್. ಅವರು 1855ರಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲಿ ಸೇಂಟ್ ಆಂಡ್ರೂಸಿನಲ್ಲಿ ಓದಿದವರು, ಉದ್ಯೋಗ ಷೇರು ದಲ್ಲಾಳಿ. 1895ರ ಅಮೆರಿಕದ ಹವ್ಯಾಸಿ ಚಾಂಪಿಯನ್ ಅವರೇ. ಮೈದಾನ ರೂಪಿಸುವ ಕೆಲಸಕ್ಕೆ ಅವರು ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡ್ ದ್ವೀಪದಲ್ಲಿ, ಬ್ರಿಟನ್ನಿನ ಹೆಸರಾಂತ ಹೋಲ್‌ಗಳ ಗುಣಗಳನ್ನು ಒಟ್ಟುಗೂಡಿಸಿ 'ನ್ಯಾಷನಲ್' ಎಂಬ ಮೈದಾನವನ್ನು ಮಾಡಿದ್ದರು. ಆಗ ಅವರಿಗೆ ಭೂಮಿ ಅಳೆದುಕೊಟ್ಟವರು ಸೇತ್ ರೇನರ್ ಎಂಬ ಸರ್ವೇಯರು. ಗಾಲ್ಫ್ ಆಟ ತಿಳಿಯದ ಈ ಸರ್ವೇಯರೇ ಮುಂದೆ ಮ್ಯಾಕ್‌ಡೊನಾಲ್ಡರ ಬಲಗೈಯಾಗಿ, ತಾವೂ ಹೆಸರಾಂತ ಮೈದಾನ ಶಿಲ್ಪಿಯಾದರು.

1914ರಲ್ಲಿ ಇವರಿಬ್ಬರ ಕೈಗೆ ಅದೇ ದ್ವೀಪದ ಇನ್ನೊಂದು ಕೆಲಸ ಬಂತು. ಲಿಡೋ ಎಂಬ ಕ್ಲಬ್ಬಿಗೆ ಸಮುದ್ರದ ಪಕ್ಕದ ಜೌಗು ನೆಲದಲ್ಲಿ ಮೈದಾನ ಮಾಡಬೇಕಿತ್ತು. ಸಮೀಪದ ಕಾಲುವೆಯ ತಳದಿಂದ ಸುಮಾರು 20 ಲಕ್ಷ ಘನ ಗಜ ಮರಳನ್ನು ಯಂತ್ರದಿಂದ ಎಳೆದು ತಂದು ಜೌಗಿನ ಮೇಲೆ ಸುರಿದರು. ಇಲ್ಲಿ ಒಂದು ವಿಶೇಷವಿದೆ. ಬೇರೆ ಕಡೆ ನೆಲ ಹೇಗಿದೆಯೋ ಹಾಗೆ ಆಟ. ಇಲ್ಲಿ ನೆಲವನ್ನೇ ಹೊಸದಾಗಿ ಮಾಡುವುದರಿಂದ ಕಾಗದದ ಮೇಲೆ ಯಾರು ಏನು ಬರೆದರೂ ಅದನ್ನು ಮರಳಿನಲ್ಲಿ ಮೂಡಿಸಬಹುದು.

ಈ ಸಂದರ್ಭವನ್ನು ಬಳಸಿಕೊಂಡು ಇಂಗ್ಲೆಂಡಿನ 'ಕಂಟ್ರಿ ಲೈಫ್' ವಾರಪತ್ರಿಕೆ ಒಂದು ಸ್ಪರ್ಧೆ ಇಟ್ಟಿತು. ಅದರ ಏರ್ಪಾಡನ್ನು ಗಮನಿಸಿ. ಇಡೀ ಮೈದಾನ ಬರೆಯಿರಿ ಎಂದು ಕೇಳಲಿಲ್ಲ. ಎರಡು ಹೊಡೆತದ ಒಂದೇ ಒಂದು ಹೋಲ್ ಬರೆದು ಕಳಿಸಿ ಎಂದರು. ಹದಿನೆಂಟು ಬರೆಯಬೇಕೆಂದರೆ ಆಫೀಸು, ಲೆಕ್ಕಾಚಾರ, ಸಹಾಯಕರು ಬೇಕು. ಒಂದೇ ಆದರೆ ಮೇಷ್ಟರೂ ಬರೆಯಬಹುದು, ಗುಮಾಸ್ತನೂ ಬರೆಯಬಹುದು. ಎಲ್ಲರೂ ಒಂದೇ ಬಗೆಯ ಹೋಲ್ ಬರೆಯುವುದರಿಂದ ಒಂದನ್ನೊಂದು ಪಕ್ಕದಲ್ಲಿಟ್ಟು ತೂಗುವುದೂ ಸುಲಭ.

ಎರಡನೆಯದು ತೀರ್ಪುಗಾರರು. ಮೂವರಿದ್ದರು, ಮೂವರದೂ ಬೇರೆ ಬೇರೆ ಕಣ್ಣು. ಬರ್ನಾರ್ಡ್ ಡಾರ್ವಿನ್ ಕಾನೂನು ಓದಿ, ವಕೀಲಿಕೆ ಬಿಟ್ಟು ಗಾಲ್ಫ್ ಬಗ್ಗೆ ಬರೆಯುತ್ತಿದ್ದವರು. ವಿಕಾಸವಾದ ಹೇಳಿದ ಚಾರ್ಲ್ಸ್ ಡಾರ್ವಿನ್ನರ ಮೊಮ್ಮಗ. ಹೊರೇಸ್ ಹಚಿನ್ಸನ್ 1886 ಮತ್ತು 1887ರಲ್ಲಿ ಬ್ರಿಟನ್ನಿನ ಹವ್ಯಾಸಿ ಚಾಂಪಿಯನ್ ಆಗಿದ್ದ ಆಟಗಾರ. ಹರ್ಬರ್ಟ್ ಫೌಲರ್ 1904ರಲ್ಲಿ ತೆರೆದ ವಾಲ್ಟನ್ ಹೀತ್ ಮೈದಾನವನ್ನು ರೂಪಿಸಿದವರು. ನೋಡಿ ಹೇಳುವವರೊಬ್ಬರು, ಆಡಿ ತಿಳಿದವರೊಬ್ಬರು, ಮಣ್ಣು ಮುಟ್ಟಿ ಕಟ್ಟಿದವರೊಬ್ಬರು. ಮೂವರೂ ಒಂದೇ ಜಾತಿಯ ತಿಳಿವಳಿಕೆಯವರಾಗಿದ್ದರೆ ತೀರ್ಪು ಒಂದೇ ಕಡೆ ವಾಲುತ್ತಿತ್ತು.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಗೆದ್ದ ನಕ್ಷೆಗೆ ಲಿಡೋದಲ್ಲಿ ನಿಜವಾದ ನೆಲ ಕಾದಿತ್ತು. ಬಹುಮಾನದ ಹಣ ಖರ್ಚಾಗಿ ಹೋಗುತ್ತದೆ. ನಾನು ಬರೆದ ಗೆರೆ ನಾಳೆ ನೆಲದ ಮೇಲೆ ಮೂಡುತ್ತದೆ ಎಂಬ ಆಸೆ ಇದೆಯಲ್ಲ, ಅದು ಮನುಷ್ಯನ ಕೈಯಿಂದ ಅತ್ಯುತ್ತಮವಾದುದನ್ನು ಬರೆಸುತ್ತದೆ.

ಗೆದ್ದವರು ಯಾರು? ಇಂಗ್ಲೆಂಡಿನ ಲೀಡ್ಸ್ ನಗರದ ಒಬ್ಬ ಡಾಕ್ಟರು, ಅಲಿಸ್ಟರ್ ಮೆಕೆಂಜಿ. 1870ರಲ್ಲಿ ಹುಟ್ಟಿದವರು, ಕೇಂಬ್ರಿಜ್‌ನಲ್ಲಿ ವೈದ್ಯ ಓದಿದವರು, ದಕ್ಷಿಣ ಆಫ್ರಿಕದ ಬೋಅರ್ ಯುದ್ಧದಲ್ಲಿ ಶಸ್ತ್ರವೈದ್ಯರಾಗಿ ಹೋಗಿದ್ದವರು. ಅಲ್ಲಿ ಬೋಅರ್ ರೈತ ಸೈನಿಕರು ನೆಲದ ಏರುತಗ್ಗನ್ನೇ ಮರೆ ಮಾಡಿಕೊಂಡು ಹೋರಾಡುವುದನ್ನು ಕಂಡು ಬೆರಗಾದರು. ಮನುಷ್ಯ ಕಟ್ಟಿದ್ದು ಪ್ರಕೃತಿಯದೇ ಎನ್ನುವ ಹಾಗೆ ಕಾಣಬೇಕೆಂಬ ಪಾಠವನ್ನು ಅಲ್ಲಿಂದ ತಂದರು. ಅವರು ತೀರಾ ಹೊಸಬರೇನೂ ಅಲ್ಲ. 1907ರಿಂದ ಆಲ್‌ವುಡ್ಲಿ ಮುಂತಾಗಿ ಲೀಡ್ಸ್ ಸುತ್ತಮುತ್ತ ಕೆಲವು ಮೈದಾನಗಳಿಗೆ ಕೈ ಹಾಕಿದ್ದರು. ಆದರೆ ಕಡಲಾಚೆ ಅವರ ಹೆಸರು ಬಲ್ಲವರು ಕಡಿಮೆ.

ಅವರ ನಕ್ಷೆಯಲ್ಲಿ ಏನಿತ್ತು? ಹೊಡೆಯುವ ಕಟ್ಟೆಯಿಂದ ಕುಳಿಯ ಅಂಗಳಕ್ಕೆ ಐದು ದಾರಿಗಳಿದ್ದವು. ತೋಳ್ಬಲವಿರುವ ಎದೆಗಾರನಿಗೆ ಮರಳು ಗುಂಡಿಗಳನ್ನು ಹಾರಿಸಿ ಹೋಗುವ ನೇರ ದಾರಿ. ಗೆದ್ದರೆ ಲಾಭ, ತಪ್ಪಿದರೆ ದಂಡ. ಅಷ್ಟು ಧೈರ್ಯವಿಲ್ಲದವನಿಗೆ ಸ್ವಲ್ಪ ಬಳಸು ದಾರಿ. ವಯಸ್ಸಾದವನಿಗೆ, ಹೊಸದಾಗಿ ಕಲಿಯುವವನಿಗೆ ಪೂರ್ತಿ ಸುತ್ತಿ ಹೋಗುವ ಸುರಕ್ಷಿತ ದಾರಿ. ಅವನಿಗೆ ಒಂದು ಹೊಡೆತ ಹೆಚ್ಚು ಬೇಕಾದೀತು, ಆದರೆ ಆಟದಿಂದ ಅವನನ್ನು ಹೊರಗೆ ಹಾಕುವುದಿಲ್ಲ. ಇಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತುಬಿಟ್ಟೆ. ಸೇರುವ ಕುಳಿ ಒಂದೇ, ನಿಯಮ ಒಂದೇ. ಆದರೆ ಅವರವರ ಶಕ್ತಿಗೆ ತಕ್ಕ ದಾರಿಯನ್ನು ನೆಲದಲ್ಲೇ ಬರೆದಿಟ್ಟಿದ್ದಾರೆ. ಇದನ್ನೇ ಅವರು 1920ರಲ್ಲಿ ತಮ್ಮ ಪುಸ್ತಕದಲ್ಲಿ ಸೂತ್ರವಾಗಿ ಹೇಳಿದರು. ದುರ್ಬಲ ಆಟಗಾರನಿಗೆ ಅರ್ಧವೋ ಒಂದೋ ಹೊಡೆತ ನಷ್ಟವಾದರೂ ಬೇರೆ ದಾರಿ ಇರಲೇಬೇಕು ಎಂಬುದು ಅದರ ಭಾವ.

ಅದೇ 1914ರ ಆಗಸ್ಟ್ 4ರಂದು ಬ್ರಿಟನ್ ಮಹಾಯುದ್ಧಕ್ಕೆ ಇಳಿಯಿತು. ಡಾಕ್ಟರು ಮತ್ತೆ ಸೈನ್ಯಕ್ಕೆ ಹೋಗಿ, ಈ ಸಲ ನೆಲೆಗಳನ್ನು ಶತ್ರುವಿನ ಕಣ್ಣಿಗೆ ಕಾಣದಂತೆ ಮರೆಮಾಡುವ ವಿದ್ಯೆಯಲ್ಲಿ ತೊಡಗಿದರು. ಆದರೆ ಲಿಡೋದವರು ಮಾತಿಗೆ ತಪ್ಪಲಿಲ್ಲ. ಮ್ಯಾಕ್‌ಡೊನಾಲ್ಡ್ ಮತ್ತು ರೇನರ್ ಆ ನಕ್ಷೆಯನ್ನು ಜಾಗಕ್ಕೆ ಹೊಂದುವ ಹಾಗೆ ಸ್ವಲ್ಪ ಬದಲಾಯಿಸಿ ಮೈದಾನದ 18ನೆಯ, ಅಂದರೆ ಕಟ್ಟಕಡೆಯ ಹೋಲ್ ಆಗಿ ಕಟ್ಟಿದರು. ಯುದ್ಧ ಮುಗಿದ ಮೇಲೆ ಮೆಕೆಂಜಿ ವೈದ್ಯವೃತ್ತಿಗೆ ಮರಳಲಿಲ್ಲ. 1926ರಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ ರಾಯಲ್ ಮೆಲ್ಬರ್ನ್ ಮೈದಾನ ರೂಪಿಸಿದರು. 1928ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸೈಪ್ರೆಸ್ ಪಾಯಿಂಟ್ ತೆರೆಯಿತು. ಆಮೇಲೆ ಬಾಬಿ ಜೋನ್ಸ್ ಎಂಬ ಹವ್ಯಾಸಿ ಆಟಗಾರನ ಜೊತೆ ಸೇರಿ ಮಾಡಿದ ಅಗಸ್ಟಾ ಮೈದಾನ 1933ರಲ್ಲಿ ತೆರೆಯಿತು. ಇಂದು ಟಿವಿಯಲ್ಲಿ ಬರುವ 'ಮಾಸ್ಟರ್ಸ್' ಪಂದ್ಯ ನಡೆಯುವುದು ಅಲ್ಲಿಯೇ. ಆ ಪಂದ್ಯ ಮೊದಲು ನಡೆದದ್ದು 1934ರ ಮಾರ್ಚಿಯಲ್ಲಿ. ಡಾಕ್ಟರು ಅದನ್ನು ನೋಡಲಿಲ್ಲ. ಆ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದರು.

ಲಿಡೋ ಮೈದಾನದ ಗತಿ ಏನಾಯಿತು? 1929ರ ನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ಕ್ಲಬ್ಬು ಸೊರಗಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ನೌಕಾಪಡೆ ಆ ಜಾಗ ತೆಗೆದುಕೊಂಡಿತು. ಮೈದಾನ ಅಳಿದುಹೋಯಿತು. ಮರಳಿನಲ್ಲಿ ಬರೆದದ್ದು ಮರಳಿನಲ್ಲೇ ಹೋಯಿತು ಎನ್ನಬಹುದಾಗಿತ್ತು. ಆದರೆ ಗೆದ್ದ ನಕ್ಷೆ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಮ್ಯಾಕ್‌ಡೊನಾಲ್ಡ್ 1928ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲೂ ಅದನ್ನು ಸೇರಿಸಿದ್ದರು. ಹಳೆಯ ಫೋಟೋಗಳೂ ಉಳಿದಿದ್ದವು. ಸುಮಾರು 80 ವರ್ಷಗಳ ನಂತರ ಪೀಟರ್ ಫ್ಲೋರಿ ಎಂಬ ಗಾಲ್ಫ್ ಇತಿಹಾಸದ ಹವ್ಯಾಸಿ ಈ ದಾಖಲೆಗಳನ್ನೆಲ್ಲ ಕೂಡಿಸಿ ಲಿಡೋವನ್ನು ಕಂಪ್ಯೂಟರಿನಲ್ಲಿ ಮರಳಿ ಕಟ್ಟಿದರು. ಅದನ್ನು ಆಧಾರವಾಗಿ ಇಟ್ಟುಕೊಂಡು ಟಾಮ್ ಡೋಕ್ ಎಂಬ ಮೈದಾನ ಶಿಲ್ಪಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಅದೇ ಏರುತಗ್ಗು, ಅದೇ ತಿರುವುಗಳೊಂದಿಗೆ ಮೈದಾನ ಮಾಡಿದರು. 2023ರಲ್ಲಿ ಅದು ಆಟಕ್ಕೆ ತೆರೆಯಿತು. ಹವ್ಯಾಸಿಗಳಿಗೆಂದು ಬಾಗಿಲು ತೆರೆದ ಸ್ಪರ್ಧೆಯ ಫಲವನ್ನು ನೂರು ವರ್ಷ ಕಳೆದ ಮೇಲೆ ಉಳಿಸಿಕೊಟ್ಟವನೂ ಹವ್ಯಾಸಿಯೇ.

ಇಷ್ಟನ್ನೂ ಜಗಲಿಯ ಮೇಲೆ ಕುಳಿತ ಹುಡುಗರಿಗೆ ಹೇಳಿದೆ. ಮೊದಲು ನಕ್ಕರು, ಆಮೇಲೆ ಪೆನ್ನು ತೆಗೆದರು. ಸೇರಿ ಬರೆದ ನಿಯಮಗಳು ಹೀಗಿವೆ. ಒಂದು, ಇಡೀ ಜಾಗ ಬೇಡ. ಮೊದಲ ವರ್ಷ ಮಕ್ಕಳು ಆಡುವ ಮೂಡಲ ಮೂಲೆಯ ನಕ್ಷೆ ಮಾತ್ರ ಕೇಳೋಣ. ಎರಡು, ಆ ಮೂಲೆಯ ಅಳತೆ, ನೀರು ಹರಿಯುವ ದಿಕ್ಕು, ಉಳಿಸಬೇಕಾದ ಮರ ಇವುಗಳ ಕಾಗದವನ್ನು ಎಲ್ಲರಿಗೂ ಒಂದೇ ದಿನ ಕೊಡೋಣ. ಮೂರು, ತೀರ್ಪುಗಾರರು ಮೂವರು. ಆಡುವವರೊಬ್ಬರು, ಮಣ್ಣಿನ ಕೆಲಸ ಬಲ್ಲ ಮೇಸ್ತ್ರಿಯೊಬ್ಬರು, ಅಲ್ಲಿಗೆ ಮಕ್ಕಳನ್ನು ಕಳಿಸುವ ತಾಯಂದಿರಲ್ಲಿ ಒಬ್ಬರು. ಅವರ ಹೆಸರನ್ನು ಮೊದಲೇ ಪ್ರಕಟಿಸುವುದು. ನಾಲ್ಕು, ನಕ್ಷೆಯ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಹೆಸರು ಬೇರೆ ಲಕೋಟೆಯಲ್ಲಿ. ಇದು ನನ್ನ ಬ್ಯಾಂಕಿನ ಬುದ್ಧಿ. ಐದು, ಬಂದ ನಕ್ಷೆಗಳನ್ನೆಲ್ಲ ಶಾಲೆಯ ಗೋಡೆಗೆ ಅಂಟಿಸಿ ಎಲ್ಲರಿಗೂ ತೋರಿಸುವುದು, ಆಮೇಲೆ ಜೋಪಾನವಾಗಿ ಕಟ್ಟಿಡುವುದು. ಆರು, ಗೆದ್ದದ್ದನ್ನು ಕಟ್ಟಲು ಹಣ ಕೂಡುವವರೆಗೆ ಸ್ಪರ್ಧೆಯನ್ನೇ ಪ್ರಕಟಿಸಬಾರದು.

ಕಡೆಯ ನಿಯಮಕ್ಕೆ ಹುಡುಗರ ಮುಖ ಸಪ್ಪಗಾಯಿತು. ಆದರೂ ಒಪ್ಪಿದರು. ಈಗ ಮನೆಮನೆಗೆ ಹೋಗಿ ಚಂದಾ ಎತ್ತುತ್ತಿದ್ದಾರೆ.

ಒಂದು ವಿಷಯ ನನಗೆ ಹೊಳೆದಿರಲಿಲ್ಲ, ಅದನ್ನು ಹೇಳಿದವನು ಅವರಲ್ಲಿ ತೀರಾ ಚಿಕ್ಕವನು. ನಾನು ನಿಯಮವನ್ನು ಕನ್ನಡದಲ್ಲಿ ಬರೆದಿದ್ದೆ. "ಸಾರ್, ನಮ್ಮ ಬೀದಿಯಲ್ಲಿ ಅರ್ಧ ಮಕ್ಕಳು ತಮಿಳು ಶಾಲೆಗೆ ಹೋಗುವವರು. ಅವರಿಗೆ ಮಾತಾಡಲು ಕನ್ನಡ ಬರುತ್ತದೆ, ಓದಲು ಬರುವುದಿಲ್ಲ. ಹಾಳೆಯ ಇನ್ನೊಂದು ಮಗ್ಗುಲಲ್ಲಿ ತಮಿಳಿನಲ್ಲೂ ಬರೆಯೋಣ" ಎಂದ. ಗಡಿಯಲ್ಲೇ ಹುಟ್ಟಿ, ಎರಡು ಭಾಷೆಯಲ್ಲಿ ಚಲನ್ ಬರೆದುಕೊಟ್ಟು ತಲೆ ನೆರೆತ ನನಗೆ ಇದು ತೋಚಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಡಾಕ್ಟರ ಐದು ದಾರಿಯ ಕಥೆ ಹೇಳಿದವನು ನಾನು, ಅದನ್ನು ಅರ್ಥ ಮಾಡಿಕೊಂಡವನು ಅವನು. ಹಾಳೆಯನ್ನು ತಿರುಗಿಸಿ ಅವನ ಕೈಗೇ ಪೆನ್ನು ಕೊಟ್ಟೆ.

ತಮ್ಮ ಊರುಗಳಲ್ಲೂ ಇಂಥ ಮುಳ್ಳು ಬೆಳೆದ ಜಾಗಗಳು ಇರಬಹುದು, ಜಗಲಿಯ ಮೇಲೆ ಬಂದು ಕೂರುವ ಹುಡುಗರೂ ಇರಬಹುದು. ಅವರಿಗೆ ಈ ಕಥೆಯಿಂದ ಒಂದಿಷ್ಟು ಉಪಯೋಗವಾದರೆ ನನ್ನ ಶ್ರಮ ಸಾರ್ಥಕ.